ಕಂಬಳಿಯ ಮೇಲೆ ಒತ್ತಿದ ಹೆಬ್ಬೆಟ್ಟು

ನನ್ನ ಅಕ್ಷರ ದುಂಡಗಿದೆ. ಜಂಬಕ್ಕೆ ಹೇಳುವ ಮಾತಲ್ಲ. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿ ತಿದ್ದಿ, ಗೆಣ್ಣಿನ ಮೇಲೆ ಸ್ಕೇಲಿನ ಪೆಟ್ಟು ತಿಂದು ಬಂದ ಬರಹ ಅದು. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಬೀದಿಯವರ ನಲ್ಲಿ ನೀರಿನ ಅರ್ಜಿ, ಲಗ್ನಪತ್ರಿಕೆಯ ಮೇಲಿನ ವಿಳಾಸ, ಮಕ್ಕಳ ರಜಾಚೀಟಿ, ನಮ್ಮವರ ಗೊಂಬೆ ಅಂಗಡಿಯ ಪೆಟ್ಟಿಗೆಗಳ ಮೇಲಿನ ಲೇಬಲ್ಲು, ಎಲ್ಲವೂ ನನ್ನ ಕೈಯಿಂದಲೇ. "ಅಚ್ಚು ಹಾಕ್ದಂಗೈತೆ ಕಣಕ್ಕ" ಎಂದು ಪಕ್ಕದ ಮನೆಯಾಕೆ ಪ್ರತಿ ಸಲವೂ ಅನ್ನುತ್ತಾಳೆ. ಒಳಗೊಳಗೇ ಹಿಗ್ಗುತ್ತಿದ್ದೆ.

ಅದೇ ಅಕ್ಷರದಲ್ಲಿ ಒಂದು ಕಾಗದ ಬರೆದೆ. ಒಂದೂವರೆ ಪುಟ. ಅದರ ಬಗ್ಗೆ ಬರೆಯಬೇಕೆಂದು ಮೂರು ಸಲ ಕೂತು ಎದ್ದಿದ್ದೇನೆ. ಒಮ್ಮೆ ಹಾಲು ಉಕ್ಕಿತು, ಒಮ್ಮೆ ಯಾರೋ ಬಂದರು. ಮೂರನೆಯ ಸಲ ಯಾರೂ ಬರಲಿಲ್ಲ, ಏನೂ ಉಕ್ಕಲಿಲ್ಲ. ಸುಮ್ಮನೆ ಎದ್ದುಬಿಟ್ಟೆ.

ನನ್ನ ತವರು ಮಾಗಡಿ ತಾಲ್ಲೂಕಿನಲ್ಲಿ, ಕುದೂರಿನಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಒಂದು ಊರು. ಊರ ಹಿಂದೆ ಬಂಡೆ. ಬಂಡೆಯ ಬುಡಕ್ಕೆ ನಮ್ಮ ರಾಗಿ ಹೊಲ. ಹೊಲದ ಆಚೆ, ಬಂಡೆಗೆ ಒರಗಿಕೊಂಡ ಹಾಗೆ, ಕುರಿಯವ್ವನ ಜಾಗ. ಕುರಿಯವ್ವ ಅನ್ನುವುದು ನಾವು ಮಕ್ಕಳು ಇಟ್ಟ ಹೆಸರು. ಕುರಿ ಸಾಕುವ ಮನೆಯಾಕೆ. ಗಂಡ ಬೇಗ ತೀರಿಕೊಂಡಿದ್ದ. ಇದ್ದೊಬ್ಬ ಮಗಳನ್ನು ಸಾತನೂರಿನ ಕಡೆ ಕೊಟ್ಟಿದ್ದಳು. ಆಕೆಗಿದ್ದದ್ದು ಒಂದಿಷ್ಟು ಕಲ್ಲುಭೂಮಿ, ಒಂದು ಹೆಂಚಿನ ಮನೆ, ಮನೆಗೆ ಅಂಟಿಕೊಂಡಂತೆ ರೊಪ್ಪ. ರೊಪ್ಪ ಅಂದರೆ ಕುರಿ ಕೂಡುವ ದೊಡ್ಡಿ. ಎದೆಯೆತ್ತರ ಕಲ್ಲು ಪೇರಿಸಿ ಮೇಲೆ ಜಾಲಿಮುಳ್ಳು ಹೊದಿಸಿದ್ದು. ಅದನ್ನು ಆಕೆಯ ಮಾವ ಕಟ್ಟಿದ್ದನಂತೆ. ಪ್ರತಿ ವರ್ಷ ರಾಗಿ ಕೊಯ್ದಾದ ಮೇಲೆ ಆಕೆಯ ಮಂದೆ ನಮ್ಮ ಹೊಲದಲ್ಲಿ ಒಂದು ವಾರ ತಂಗುತ್ತಿತ್ತು. ಗೊಬ್ಬರ ನಮಗೆ, ರಾಗಿ ಆಕೆಗೆ. ಆ ವಾರ ನಮ್ಮ ಮನೆಯಲ್ಲಿ ಬಟ್ಟೆಬರೆಗೂ ಕುರಿಯ ವಾಸನೆ ಬರುತ್ತಿತ್ತು. ಹಾಸ್ಟೆಲಿನಲ್ಲಿ ಓದುತ್ತಿದ್ದ ನಾನು ಮೂಗು ಮುಚ್ಚಿಕೊಂಡರೆ ಆಕೆ, "ಓಹೋ, ನಮ್ ಇಂಗ್ಲೀಷ್ ಕೂಸಿಗೆ ಕುರಿ ನಾತ ಆಗಕಿಲ್ವಂತೆ! ನಾಳೆ ಕುರಿ ಹಾಲ್ ಕುಡ್ಯಕ್ಕೆ ಬರ್ತೀಯಲ್ಲ, ಆಗ ನಿನ್ ಮೂಗ ಎಲ್ಲಿಟ್ಟಿರ್ತೀಯೆ?" ಎಂದು ರೇಗಿಸುತ್ತಿದ್ದಳು.

ನಾನು ಎಂಟನೆಯ ತರಗತಿಯಲ್ಲಿದ್ದಾಗ, ದಸರಾ ರಜೆಯಲ್ಲಿ, ಚಿರತೆ ಬಂತು. ಹೊತ್ತು ಇಳಿಯುತ್ತಿತ್ತು. ಕುರಿಗಳು ರೊಪ್ಪದ ಬಾಯಿಗೆ ಬಂದಿದ್ದವು. ಅಣ್ಣ ಆಚೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ. ಅವನಿಗೆ ಹತ್ತೊಂಬತ್ತು. ಕುರಿಯವ್ವನ ಕೂಗು ಕೇಳಿ ಕುಡುಗೋಲು ಹಿಡಿದು ಓಡಿದನಂತೆ. ನಾನು ಕಂಡದ್ದು ಅವನು ತಿರುಗಿ ಬಂದದ್ದನ್ನು ಮಾತ್ರ. ಎಡಗಡೆ ಹೆಗಲು ಕಿತ್ತುಹೋಗಿ ಅಂಗಿ ರಕ್ತದಲ್ಲಿ ತೊಯ್ದಿತ್ತು. ಬಲಗೈಯಲ್ಲಿ ಒಂದು ಕುರಿಮರಿ. ಅದು ಅವನ ಕಿವಿ ನೆಕ್ಕುತ್ತಿತ್ತು.

ಕುರಿಯವ್ವ ಹೊದ್ದಿದ್ದ ಕರಿಕಂಬಳಿಯನ್ನು ಕೊಡವಿ ನೆಲಕ್ಕೆ ಹಾಸಿದಳು. "ಕುಂತ್ಕಳಪ್ಪ" ಅಂದಳು. ಅಣ್ಣ, "ರಕ್ತ ಆಯ್ತದೆ ಕಣವ್ವ" ಅಂದರೆ, "ಆಗ್ಲಿ, ನನ್ ಮರಿ ಋಣ ಅದ್ರಲ್ಲೇ ಇರ್ಲಿ" ಅಂದಳು. ಅರಿಶಿನ ಒತ್ತುತ್ತಾ ಹೇಳಿದಳು: "ಇವತ್ತಿಂದ ಈ ಕಂಬ್ಳಿ ನಿಂದು. ನನ್ ತಾವ್ ಇರ್ತದೆ, ಆದ್ರೆ ನಿಂದು. ನೀ ಬಂದಾಗ್ಲೆಲ್ಲ ಹಾಸ್ತೀನಿ."

ಆ ಮಾತಿನ ತೂಕ ನನಗಾಗ ಗೊತ್ತಿರಲಿಲ್ಲ, ಅಮ್ಮ ಹೇಳಿದಳು. ಅವರ ಮನೆಗಳಲ್ಲಿ ಕಂಬಳಿ ಹಾಸಿದರೆ ಅದು ದೇವರ ಗದ್ದಿಗೆಗೆ ಸಮ. ಹೆಣ್ಣು ಒಪ್ಪಿಸುವುದು, ಪಾಲು ಹಂಚುವುದು, ಜಗಳ ತೀರಿಸುವುದು ಅದರ ಮೇಲೆ ಕೂತು. ಅಲ್ಲಿ ಆಡಿದ ಮಾತನ್ನು ಎದ್ದ ಮೇಲೆ ಇಲ್ಲ ಅನ್ನುವ ಹಾಗಿಲ್ಲ.

ರಜೆ ಮುಗಿಸಿ ರಾಮನಗರದ ಹಾಸ್ಟೆಲಿಗೆ ಬಂದವಳು ಎಲ್ಲರಿಗೂ ಅಣ್ಣನ ಕಥೆ ಹೇಳಿದೆ. ಹೇಳಿದ ಹಾಗೆಲ್ಲ ಚಿರತೆ ದೊಡ್ಡದಾಗುತ್ತಾ ಹೋಯಿತು. ನೀತಿಪಾಠ ಮಾಡುತ್ತಿದ್ದ ಸಿಸ್ಟರ್ ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡದಲ್ಲೇ ಮಾತಾಡುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ನಿನ್ನ ಅಣ್ಣ ಒಳ್ಳೆಯವನು ಮಗೂ. ಅವನಿಗಾಗಿ ಪ್ರಾರ್ಥನೆ ಮಾಡು" ಅಂದರು.

"ಗಾಯ ಮಾಯ್ತು ಸಿಸ್ಟರ್."

"ಗಾಯಕ್ಕಲ್ಲ. ಈಗ ಎಲ್ಲರೂ ಅವನನ್ನು ಹೊಗಳುತ್ತಾರಲ್ಲ, ಅದಕ್ಕೆ."

ಆ ವರ್ಷ ಅವರು ಬೈಬಲಿನ ರಾಜರ ಕಥೆಗಳನ್ನು ಹೇಳಿದರು. ಯೇಸುವಿನ ಕಥೆಗಳ ಹಾಗೆ ಅವು ಸಮಾಧಾನ ಕೊಡುತ್ತಿರಲಿಲ್ಲ. ಭೂಮಿಯ ಮೇಲೆ ಮೊದಲು ಬಲಶಾಲಿ ಎನ್ನಿಸಿಕೊಂಡ ಅರಸ ಒಬ್ಬ ಬೇಟೆಗಾರನಂತೆ. ಮೃಗಗಳಿಂದ ಕಾಪಾಡುತ್ತಾನೆಂದು ಜನ ಅವನ ಸುತ್ತ ಸೇರಿದರು, ಅವನು ದೊಡ್ಡ ದೊಡ್ಡ ಪಟ್ಟಣಗಳ ಒಡೆಯನಾದ ಎಂದು ತಿಳಿದವರು ವಿವರಿಸುತ್ತಾರಂತೆ. "ಮೃಗಗಳು ಮುಗಿದ ಮೇಲೆ ಬಿಲ್ಲನ್ನು ಅವನು ಏನು ಮಾಡಿದ?" ಎಂದು ಸಿಸ್ಟರ್ ಕೇಳಿದರು. ಹಿಂದಿನ ಬೆಂಚಿನಿಂದ ಒಬ್ಬಳು, "ಅಟ್ಟದ್ ಮೇಲೆ ಇಟ್ಟ ಸಿಸ್ಟರ್" ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಿಸ್ಟರ್ ನಗಲಿಲ್ಲ. "ಹಾಗಿದ್ದಿದ್ದರೆ ಮುಂದಿನ ಅಧ್ಯಾಯಗಳು ಬೇಕಿರಲಿಲ್ಲ" ಅಂದರು.

ಮುಂದೊಂದು ಕಥೆಯಲ್ಲಿ ಜನರೇ ಮುದಿ ಪ್ರವಾದಿಯ ಬಳಿ ಹೋಗಿ ನಮಗೂ ಒಬ್ಬ ರಾಜ ಬೇಕು ಎಂದು ಹಟ ಹಿಡಿಯುತ್ತಾರೆ. ಮುದುಕ ಎಚ್ಚರಿಸುತ್ತಾನೆ. ನಿಮ್ಮ ಗಂಡುಮಕ್ಕಳನ್ನು ತನ್ನ ರಥದ ಮುಂದೆ ಓಡಿಸುತ್ತಾನೆ, ಹೆಣ್ಣುಮಕ್ಕಳನ್ನು ತನ್ನ ಅಡಿಗೆಗೆ ಹಚ್ಚುತ್ತಾನೆ, ಒಳ್ಳೆಯ ಹೊಲಗಳನ್ನು ತನ್ನವರಿಗೆ ಕೊಡುತ್ತಾನೆ, ಮಂದೆಯಲ್ಲೂ ಪಾಲು ಕೇಳುತ್ತಾನೆ. ಜನ ಕೇಳಲಿಲ್ಲ. ಅದನ್ನು ಬರೆದುಕೊಳ್ಳುವಾಗ ನನ್ನ ಗಮನ ಪೂರ್ತಿ ಅಕ್ಷರದ ಬಾಲ ಗೆರೆಯಿಂದ ಕೆಳಗಿಳಿಯದಂತೆ ನೋಡಿಕೊಳ್ಳುವುದರಲ್ಲಿತ್ತು.

ಶಾಲಾ ವಾರ್ಷಿಕೋತ್ಸವಕ್ಕೆ ಅದೇ ಪುಸ್ತಕದ ಇನ್ನೊಂದು ಕಥೆಯನ್ನು ನಾಟಕ ಮಾಡಿದೆವು. ಅರಮನೆಯ ಪಕ್ಕದಲ್ಲಿ ಒಬ್ಬ ಬಡವನ ದ್ರಾಕ್ಷಿ ತೋಟ. ರಾಜನಿಗೆ ಅದು ಬೇಕು. ತಾತ ಮುತ್ತಾತಂದಿರಿಂದ ಬಂದದ್ದು ಕೊಡಲಾರೆ ಅನ್ನುತ್ತಾನೆ ಬಡವ. ರಾಜ ಮುನಿಸಿಕೊಂಡು ಊಟ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಆಗ ರಾಣಿ ಬಂದು, "ಏಳಿ, ಊಟ ಮಾಡಿ. ತೋಟ ನಾನು ಕೊಡಿಸುತ್ತೇನೆ" ಎಂದು ರಾಜನ ಹೆಸರಲ್ಲಿ ಕಾಗದ ಬರೆದು ಅವನ ಮುದ್ರೆ ಒತ್ತುತ್ತಾಳೆ. ಆ ಕಾಗದದಿಂದ ಬಡವನ ಪ್ರಾಣ ಹೋಗುತ್ತದೆ. "ರಾಣಿ ವೇದಿಕೆಯ ಮೇಲೆ ನಿಜವಾಗಿ ಬರೆಯಬೇಕು. ನಿನ್ನ ಕೈಬರಹ ಚೆನ್ನಾಗಿದೆ, ನೀನೇ ಆಗು" ಅಂದರು ಸಿಸ್ಟರ್.

ನಾಟಕಕ್ಕೆ ಅಣ್ಣ ಬಂದಿದ್ದ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಡಲೆಕಾಯಿ ಬಿಡಿಸಿ ಕೊಡುತ್ತಾ, "ಎಂಥಾ ಹಾಳ್ ಹೆಂಗ್ಸವ್ವ ನೀನು! ರಾಜ ಪಾಪ ಸುಮ್ಕೆ ಗೋಡೆ ಕಡೀಕ್ ಮುಖ ಮಾಡ್ಕಂಡ್ ಮಲ್ಗಿದ್ದ. ನೀ ಬರೀದೆ ಇದ್ರೆ ಬೆಳಿಗ್ಗೆ ಎದ್ ಮರ್ತೋಗಿರೋನು" ಅಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಅಣ್ಣ ಊರಿನ ಲೀಡರ್ ಆಗಬೇಕೆಂದು ಹೊರಟವನಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಜನ ಅವನನ್ನು ಕೇಳಿಕೊಂಡರು. ಚಿರತೆಗೆ ಅಂಜದವನು ಆಫೀಸರಿಗೆ ಅಂಜುತ್ತಾನೆಯೇ ಅಂದರು. ಮೊದಲ ವರ್ಷಗಳಲ್ಲಿ ಅವನು ಅಂಜಲೂ ಇಲ್ಲ. ಶಾಲೆಗೆ ಮೇಷ್ಟರನ್ನು ತಂದ, ಬಸ್ಸು ಊರೊಳಗೆ ಬರುವ ಹಾಗೆ ಮಾಡಿದ. ಆಮೇಲೆ ಅವನಿಗೊಂದು ಬಿಳಿ ಕಾರು ಬಂತು. ಕಾರಿನ ಮುಂದೆ ಬೈಕಿನಲ್ಲಿ ಬಾವುಟ ಹಿಡಿದು ಹೋಗಲು ಊರಿನ ಗಂಡುಮಕ್ಕಳು ಬಂದರು. ಮೇಲಿನವರು ಬಂದರೆ ಕಳಶ ಹಿಡಿದು ನಿಲ್ಲಲು ಹೆಣ್ಣುಮಕ್ಕಳು. ಒಂದು ಸಲ ತವರಿಗೆ ಹೋದಾಗ ಹಿತ್ತಲಲ್ಲಿ ಆರು ಜನ ಹೆಂಗಸರು ಸಾಲಾಗಿ ಕೂತು ಅವನ ಸಭೆಗೆ ಈರುಳ್ಳಿ ಹೆಚ್ಚುತ್ತಿದ್ದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈರುಳ್ಳಿಯ ನೀರೇ. ನಾನೂ ಪಕ್ಕದಲ್ಲಿ ಕೂತು ಹೆಚ್ಚಿದೆ. ಆಗಲೂ ನನಗೆ ಮುದಿ ಪ್ರವಾದಿ ನೆನಪಾಗಲಿಲ್ಲ. ಅವನು ಅಣ್ಣ. ಪ್ರತಿ ಗೌರಿಹಬ್ಬಕ್ಕೆ, ಎಷ್ಟೇ ಕೆಲಸವಿದ್ದರೂ, ಡ್ರೈವರ್ ಕೈಲಿ ಕಳಿಸದೆ ತಾನೇ ಬಾಗಿನ ತಂದುಕೊಡುತ್ತಿದ್ದವನು.

ಬಂಡೆಯ ಸುತ್ತಲಿನ ಜಮೀನಿಗೆ ಇಂಡಸ್ಟ್ರಿಯಲ್ ಏರಿಯಾ ಬರುತ್ತದೆ ಎಂಬ ಸುದ್ದಿ ಎದ್ದ ವರ್ಷ, ಒಂದು ಮಧ್ಯಾಹ್ನ ಅಣ್ಣ ಚನ್ನಪಟ್ಟಣಕ್ಕೆ ಬಂದ. ಎಲೆ ಹಾಕಿದರೆ ಏಳಲಿಲ್ಲ.

"ಒಸಿ ತಲೆನೋವು ಕಣವ್ವ. ಊಟ ಬ್ಯಾಡ" ಎಂದು ದಿವಾನಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂಗಿಯ ಕಾಲರಿನ ಕೆಳಗೆ ಗಾಯದ ಕಲೆಯ ತುದಿ ಕಾಣುತ್ತಿತ್ತು.

"ಏನಾಯ್ತಣ್ಣ?"

"ಊರೋರೆಲ್ಲ ಒಪ್ಪವ್ರೆ ಅಂತ ಒಂದ್ ಕಾಗ್ದ ಕೊಡು, ಮಿಕ್ಕಿದ್ ನಾವ್ ನೋಡ್ಕತೀವಿ ಅಂತಾವ್ರೆ ಮ್ಯಾಲ್ನೋರು. ನಾನೇನ್ ಕಾಗ್ದ ಬರ್ಯೋನಾ? ನಂದು ಕೋಳಿ ಕೆದ್ರಿದ್ ಅಕ್ಷರ."

"ಟೈಪ್ ಮಾಡಿಸಬಾರದಾ?"

"ಟೈಪ್ ಆದ್ರೆ ಆಫೀಸ್ನೋರೇ ಮಾಡ್ಸವ್ರೆ ಅಂತ ಕಾಣ್ತದೆ. ಕೈಯಾಗ್ ಬರ್ದಿದ್ರೆ ಜನ್ರ ಮಾತು."

ನಾನು ಅಂದೆ: "ಏಳಣ್ಣ, ಮೊದಲು ಊಟ ಮಾಡು. ನಾನು ಬರೆದುಕೊಡ್ತೀನಿ."

ಇದನ್ನು ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಅಣ್ಣ ಎದ್ದು ಎರಡು ಮುದ್ದೆ ಉಂಡ. ನಾನು ಮಕ್ಕಳ ಪುಸ್ತಕದಿಂದ ಹಾಳೆ ಹರಿಯದೆ, ಒಳ್ಳೆಯ ಬಿಳಿ ಹಾಳೆ ತೆಗೆದು, ಅದರ ಕೆಳಗೆ ಗೆರೆಹಾಳೆ ಇಟ್ಟುಕೊಂಡು ಬರೆದೆ. ಊರಿನ ಪರವಾಗಿ ನಮ್ಮ ಲೀಡರ್ ಮಾತಾಡಬೇಕೆಂದು ಮೊದಲ ಪುಟ. ಎರಡನೆಯದರಲ್ಲಿ ಅವನು ಒಂದು ವಾಕ್ಯ ಹೇಳಿದ: ನಮ್ಮ ಜಮೀನುಗಳ ವಿಷಯದಲ್ಲಿ ಅವರು ಕೈಗೊಳ್ಳುವ ಯಾವುದೇ ತೀರ್ಮಾನಕ್ಕೆ ನಮ್ಮೆಲ್ಲರ ಪೂರ್ಣ ಒಪ್ಪಿಗೆ ಇದೆ. ಪೆನ್ನು ನಿಂತಿತು.

"ಅಣ್ಣ, ಇದು..."

"ಫಾರ್ಮಾಲಿಟಿ ಕಣವ್ವ. ಎಲ್ಲಾ ಕಾಗ್ದದಾಗೂ ಇರ್ತದೆ."

ಪೆನ್ನು ನಿಂತ ಕಡೆ ಶಾಯಿಯ ಸಣ್ಣ ಚುಕ್ಕೆ ಬಿದ್ದಿತ್ತು. ಅದು ಕಾಣದ ಹಾಗೆ ಮುಂದಿನ ಅಕ್ಷರವನ್ನು ಅದರ ಮೇಲೇ ಶುರು ಮಾಡಿದೆ.

ಮರುದಿನ ಊರವರ ಸಹಿ, ಹೆಬ್ಬೆಟ್ಟು ಹಾಕಿಸಲು ಅವನ ಜೊತೆ ಊರಿಗೆ ಹೋದೆ. ತವರು ನೋಡಿದ ಹಾಗೂ ಆಯಿತು ಅಂದುಕೊಂಡೆ. ಕುರಿಯವ್ವ ನಮ್ಮನ್ನು ಕಂಡದ್ದೇ ಒಳಗೆ ಓಡಿ ಕಂಬಳಿ ತಂದು ಹಾಸಿದಳು. ಬೊಚ್ಚುಬಾಯಿ ತುಂಬ ನಗು.

"ಏನ್ ನನ್ನಪ್ಪ, ದೊಡ್ ಮನ್ಸ ಆಗ್ಬುಟ್ಟೆ. ಕಾರು ಬಂದದ್ ನೋಡಿ ನನ್ ಟಗರು ಹೆದ್ರಕಂಡ್ ಗೋಡೆ ಹತ್ತಬುಡ್ತು!"

ಅಣ್ಣ ನಗುತ್ತಾ ಕಂಬಳಿಯ ಮೇಲೆ ಕೂತ. ನನ್ನನ್ನೂ ಕೂರಿಸಿದರು. ಅಣ್ಣ ಅಂದ: "ಅವ್ವ, ಫ್ಯಾಕ್ಟ್ರಿ ಗೀಕ್ಟ್ರಿ ಅಂತ ಸುದ್ದಿ ಕೇಳಿದ್ಯಲ್ಲ. ಊರೆಲ್ಲ ಒಂದಾಗೈತೆ ಅಂತ ತೋರ್ಸಕ್ಕೆ ಇದು. ನಾನಿರೋ ತಂಕ ನಿನ್ ರೊಪ್ಪದ್ ಒಂದ್ ಕಲ್ಲ ಯಾರೂ ಮುಟ್ಟಕ್ಕೆ ಬುಡಲ್ಲ."

ಕುರಿಯವ್ವ ನನ್ನ ಕಡೆ ತಿರುಗಿ, "ಏನ್ ಬರ್ದಿದ್ದೀಯೆ ಮಗ?" ಅಂದಳು.

"ಅಣ್ಣ ನಿಮ್ಮ ಪರವಾಗಿ ಮಾತಾಡ್ತಾನೆ ಅಂತ ಬರ್ದಿದೀನಿ" ಅಂದೆ. ಮೊದಲ ಪುಟದ ಮಟ್ಟಿಗೆ ಅದು ನಿಜ.

"ಮುತ್ತ ಪೋಣಿಸ್ದಂಗೈತೆ" ಎಂದು ಅಕ್ಷರ ಸವರಿ ಆಕೆ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮೊದಲು ಬೆರಳನ್ನು ಕಂಬಳಿಗೆ ಒರೆಸಿಕೊಂಡಿದ್ದಳು. ಗುರುತಿನ ನಡುವೆ ಒಂದು ಕರಿಯ ಉಣ್ಣೆಯ ಎಳೆ ಅಂಟಿಕೊಂಡಿತು. ನಾನು ಉಗುರಿನಿಂದ ತೆಗೆಯಲು ನೋಡಿದೆ, ಬರಲಿಲ್ಲ.

ಮೂರು ತಿಂಗಳಾಗಿರಬಹುದು. ಕುರಿಯವ್ವ ಒಬ್ಬಳೇ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸೆರಗಿನ ಗಂಟಿನಲ್ಲಿ ಒಂದು ನೋಟೀಸು. "ಓದು ಮಗ" ಅಂದಳು. ಓದಿದೆ. ಈ ಸಲ ಪೂರ್ತಿ ಓದಿದೆ. ಆಕೆಯ ಭೂಮಿ, ಮನೆ, ರೊಪ್ಪ, ಅಷ್ಟೂ ಹೋಗುತ್ತಿತ್ತು. ಗ್ರಾಮಸ್ಥರ ಒಪ್ಪಿಗೆ ಪತ್ರದಂತೆ ಎಂದು ಅದರಲ್ಲಿ ಬರೆದಿತ್ತು. ಜೊತೆಗಿದ್ದ ನಕ್ಷೆಯಲ್ಲಿ ಕೆಂಪು ಗೆರೆ ಬಂಡೆಯನ್ನು ಬಳಸಿ ಬಂದು ನಮ್ಮ ಹೊಲದ ಬದುವಿನ ಹತ್ತಿರ ನಿಧಾನಕ್ಕೆ ಒಳಕ್ಕೆ ಬಾಗಿತ್ತು. ನಮ್ಮ ಹೊಲ ಗೆರೆಯ ಆಚೆ ಉಳಿದಿತ್ತು.

"ಏನೋ ತೆಪ್ಪಾಗೈತೆ" ಅಂದಳು ಕುರಿಯವ್ವ. "ಅವ್ನಿಗೆ ಗೊತ್ತಿರಾಕಿಲ್ಲ. ನೀ ಒಸಿ ಹೇಳು."

ಹೇಳಲು ಗೌರಿಹಬ್ಬದವರೆಗೆ ಕಾದೆ. ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಆ ದಿನಗಳಲ್ಲಿ ಸಿಸ್ಟರ್ ಹೇಳಿದ್ದ ಇನ್ನೊಂದು ಕಥೆ ತಲೆಯಲ್ಲಿ ಸುತ್ತುತ್ತಿತ್ತು. ಒಬ್ಬ ರಾಜ ಮಾಡಬಾರದ್ದನ್ನು ಮಾಡುತ್ತಾನೆ. ಪ್ರವಾದಿ ಬಂದು ಬೈಯುವುದಿಲ್ಲ, ಒಂದು ಕಥೆ ಹೇಳುತ್ತಾನೆ. ಬಡವನ ಹತ್ತಿರ ಒಂದೇ ಒಂದು ಕುರಿಮರಿ, ಮಗಳ ಹಾಗೆ ಮಡಿಲಲ್ಲಿ ಸಾಕಿದ್ದು. ಮಂದೆ ಮಂದೆ ಇರುವ ಸಾಹುಕಾರ ನೆಂಟರಿಗಾಗಿ ಅದನ್ನೇ ಎಳೆದುಕೊಂಡು ಹೋಗಿ ಕೊಯ್ಯುತ್ತಾನೆ. ರಾಜ ಸಿಟ್ಟಿನಿಂದ ಯಾರವನು ಅನ್ನುತ್ತಾನೆ. ನೀನೇ ಅವನು ಅನ್ನುತ್ತಾನೆ ಪ್ರವಾದಿ. ರಾಜ ಕುಸಿದು ಅಳುತ್ತಾನೆ. ಹುಡುಗನಾಗಿದ್ದಾಗ ಇದೇ ರಾಜ ಮಂದೆಯ ಮರಿಗಾಗಿ ಸಿಂಹದ ಬಾಯಿಗೆ ಕೈಹಾಕಿದ್ದನೆಂದು ಹಳೆಯ ನೋಟ್ಸು ತಿರುವಿದಾಗ ಕಂಡಿತು. ಒಬ್ಬನೇ ಮನುಷ್ಯ. ಅವನ ಹೆಸರನ್ನು ನಾನು ಎರಡೂ ಕಡೆ ಒಂದೇ ರೀತಿ ದುಂಡಗೆ ಬರೆದಿದ್ದೆ. ನನ್ನ ಅಣ್ಣನೂ ಹಾಗೆ ಕುಸಿದು ಅಳುತ್ತಾನೆ, ಕಣ್ಣೀರು ಒರೆಸಿಕೊಂಡು ಕಾರು ಹತ್ತಿ ಆಫೀಸಿಗೆ ಹೋಗಿ ಎಲ್ಲ ಸರಿ ಮಾಡುತ್ತಾನೆ ಎಂದುಕೊಂಡೆ.

ಅವನು ಬಾಗಿನ ಇಟ್ಟು, ಕೈತೊಳೆದು, ಕಡುಬು ತಿನ್ನುತ್ತಿರುವಾಗ ಕಥೆ ಹೇಳಿದೆ. ಊರು ಯಾವುದು ಎಂದು ಹೇಳಲಿಲ್ಲ.

"ಥೂ, ಯಾವನ್ಲಾ ಅವ್ನು, ಮನ್ಸನಾ?" ಅಂದ ಅಣ್ಣ. "ನಮ್ ತಾಲ್ಲೂಕ್ನೋನಾ?"

ನಾನು ಅವನ ಮುಖ ನೋಡಿದೆ. ಕಡುಬಿನ ಚೂರು ಅವನ ಬೆರಳುಗಳ ನಡುವೆ ನಿಂತಿತು. ಅರ್ಥವಾಯಿತು. ಅವನು ಅಳಲಿಲ್ಲ. ರೇಗಲೂ ಇಲ್ಲ. ತುಂಬ ಮೆತ್ತಗೆ, ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಮಾತಾಡಿಸುತ್ತಿದ್ದ ದನಿಯಲ್ಲೇ ಅಂದ:

"ಅಕ್ಷರ ನಿಂದು ಕಣವ್ವ."

ಕೈತೊಳೆದು ಹೊರಟುಹೋದ. ನಾಟಕದ ದಿನ ಅವನು ಅಂದ ಮಾತು ಆಗ ನೆನಪಾಯಿತು. ನೀ ಬರೀದೆ ಇದ್ರೆ ಬೆಳಿಗ್ಗೆ ಎದ್ ಮರ್ತೋಗಿರೋನು. ನಾನು ಪ್ರವಾದಿಯ ಮಾತು ಹೇಳಲು ಹೊರಟಿದ್ದೆ. ನನಗೆ ಸಿಕ್ಕ ಪಾತ್ರ ಎಂಟನೆಯ ತರಗತಿಯಲ್ಲಿ ಸಿಕ್ಕಿದ್ದೇ.

ಆಕ್ಷೇಪಣೆ ಇದ್ದವರು ಬಂದು ಹೇಳಬಹುದೆಂದು ರಾಮನಗರದ ಒಂದು ಆಫೀಸಿನಲ್ಲಿ ವಿಚಾರಣೆ ಇಟ್ಟಿದ್ದರು. ಹೋಗಲೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಹೋದರೆ ತವರು ಹೋಗುತ್ತದೆ. ಹೋಗದಿದ್ದರೆ ಆಕೆಯ ರೊಪ್ಪ. ನಮ್ಮವರು ಗೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ, "ನಿನ್ನಣ್ಣ, ನಿನ್ನ ಅಕ್ಷರ. ನಾನೇನ್ ಹೇಳ್ಲಿ? ಹೋಗೋದಾದ್ರೆ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ" ಅಂದರು. ಬಿಟ್ಟರು.

ಆಫೀಸರು ಮರ್ಯಾದಸ್ತರು. ಕುರ್ಚಿ ಕೊಟ್ಟರು. ಅಣ್ಣ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಕುರಿಯವ್ವ ಕುರ್ಚಿ ಬೇಡವೆಂದು ನಿಂತೇ ಇದ್ದಳು, ಕಂಬಳಿ ಹೆಗಲ ಮೇಲೆ.

"ಈ ಬರಹ ನಿಮ್ದೇನಮ್ಮ?"

"ಹೌದು ಸರ್. ನಾನೇ ಬರೆದದ್ದು. ಹೆಬ್ಬೆಟ್ಟು ಹಾಕಿಸುವ ಮೊದಲು ಇವರಿಗೆ ಓದಿ ಹೇಳಲಿಲ್ಲ. ಒಪ್ಪಿಗೆಯ ಮಾತು ಅದರಲ್ಲಿ ಇದೆ ಅಂತ ಇವರಿಗೆ ಗೊತ್ತಿರಲಿಲ್ಲ."

ಹೇಳಿಬಿಟ್ಟೆ. ಅಣ್ಣನ ಕಡೆ ನೋಡಲಿಲ್ಲ. ಎದೆ ಹಗುರಾದ ಹಾಗಾಯಿತು. ಆಫೀಸರು ಕಾಗದದ ಜೆರಾಕ್ಸನ್ನು ಕುರಿಯವ್ವನ ಮುಂದೆ ಹಿಡಿದರು. ಹೆಬ್ಬೆಟ್ಟಿನ ಗುರುತಿಗೆ ಅಡ್ಡವಾಗಿ ಉಣ್ಣೆಯ ಎಳೆ ಸಣ್ಣ ಗೆರೆಯಾಗಿ ಮೂಡಿತ್ತು.

"ಇದು ನಿಂದೇನಜ್ಜಿ?"

"ನಂದೇ ಬುದ್ಧಿ."

"ಇವ್ರು ಹೇಳೋ ಹಂಗೆ ಗೊತ್ತಿಲ್ದೆ ಒತ್ತಿದ್ಯಾ?"

ಕುರಿಯವ್ವ ಅಣ್ಣನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡಳು.

"ಕಂಬ್ಳಿ ಮ್ಯಾಲ್ ಕುಂತು ಒತ್ತಿದ್ದು ಬುದ್ಧಿ. ಗೊತ್ತಿರ್ಲಿಲ್ಲ ಅನ್ನಕಾಗಕಿಲ್ಲ."

"ಅಂದ್ರೆ ಒಪ್ಪಿಗೆ ಐತೋ ಇಲ್ವೋ?"

"ನಾನು ಇಲ್ಲ ಅಂದ್ರೆ ಅವ್ನ್ ಮಾತೂ ಬಿದ್ದೋಯ್ತದೆ. ಅವ್ನೂ ಅದ್ರ ಮ್ಯಾಲೇ ಕುಂತು ಹೇಳವ್ನೆ, ರೊಪ್ಪದ್ ಕಲ್ಲ ಮುಟ್ಸಾಕಿಲ್ಲ ಅಂತ. ನನ್ ಮಾತ ನಾನ್ ಉಳಿಸ್ಕತೀನಿ. ಅವ್ನ್ ಮಾತ ಅವ್ನ್ ಉಳಿಸ್ಕತಾನೆ."

"ಅವ್ವಾ, ಬೇಡ" ಎಂದು ನಾನು ಎದ್ದೆ. ಆಫೀಸರು ಕೈಸನ್ನೆ ಮಾಡಿ ಕೂರಿಸಿದರು. ಪಕ್ಕದಲ್ಲಿದ್ದ ಗುಮಾಸ್ತ ಆಗಲೇ ಬರೆಯುತ್ತಿದ್ದ. ಅವನು ಬರೆದದ್ದು ಒಪ್ಪಿಗೆ ಇದೆ ಅನ್ನುವವರೆಗೆ ಮಾತ್ರ. ಅಣ್ಣ ಕೊಟ್ಟ ಮಾತನ್ನು ಬರೆಯಲು ಆ ಫಾರಮಿನಲ್ಲಿ ಜಾಗ ಇರಲಿಲ್ಲ. ಅಣ್ಣ ತಲೆ ತಗ್ಗಿಸಿ ಫೋನು ನೋಡುತ್ತಿದ್ದ. ಫೋನಿನ ಪರದೆ ಆರಿಹೋಗಿತ್ತು.

ಆ ವರ್ಷ ರಾಗಿ ಕೊಯ್ಲಾದ ಮೇಲೆ ಕುರಿಯವ್ವ ಎಂದಿನಂತೆ ಮಂದೆ ತಂದು ನಮ್ಮ ಹೊಲದಲ್ಲಿ ನಿಲ್ಲಿಸಿದಳಂತೆ. ಒಂದು ವಾರ. ಮನೆಯವರು ಏನೂ ಹೇಳಲಾರದೆ ರಾಗಿ ಅಳೆದುಕೊಟ್ಟರಂತೆ. ಬೇಸಿಗೆಯಲ್ಲಿ ಜೆಸಿಬಿ ಬಂತು. ರೊಪ್ಪದ ಗೋಡೆ ಬೀಳಲು ಟೀ ಕುಡಿಯುವಷ್ಟು ಹೊತ್ತೂ ಹಿಡಿಸಲಿಲ್ಲ ಎಂದು ಊರಿನಿಂದ ಫೋನು ಮಾಡಿದವರು ಹೇಳಿದರು. ಅಣ್ಣ ಆ ದಿನ ಊರಿನಲ್ಲಿರಲಿಲ್ಲ.

ಕುರಿಗಳನ್ನು ಮಾರಿ ಆಕೆ ಮಗಳ ಊರಿಗೆ ಹೊರಟಳು. ನಾನು ಕುದೂರಿನ ಬಸ್ ನಿಲ್ದಾಣಕ್ಕೆ ಹೋದೆ. ಒಂದು ಟ್ರಂಕು, ಒಂದು ಹಾಲಿನ ಚೊಂಬು, ಮಡಿಚಿದ ಕಂಬಳಿ. ಪಕ್ಕದಲ್ಲಿ ಕೂತೆ. ಆಕೆಯ ಕಣ್ಣು ರಸ್ತೆಯಾಚೆ ಬೇಲಿ ಮೇಯುತ್ತಿದ್ದ ಯಾರದೋ ಮೇಕೆಯ ಮೇಲಿತ್ತು. ಅದು ಹೂವಿನ ಗಿಡಕ್ಕೆ ಬಾಯಿ ಹಾಕಿದಾಗ ಅಭ್ಯಾಸಬಲದಿಂದ "ಹೇಯ್" ಅಂದಳು.

"ನಂದು ತಪ್ಪಾಯ್ತು ಅವ್ವ" ಅಂದೆ.

ಆಕೆ ಕಂಬಳಿಯನ್ನು ಎತ್ತಿ ನನ್ನ ಮಡಿಲಿಗೆ ಇಟ್ಟಳು. "ಅವ್ನಿಗೆ ಕೊಟ್ಬುಡು. ಅವತ್ತಿಂದ ಅವ್ನ್ದೇ. ನಾ ಹಾಸಕ್ಕೆ ನಂಗಿನ್ ಜಾಗ ಎಲ್ಲೈತೆ?"

ಬಸ್ಸು ಬಂತು. ಟ್ರಂಕು ಎತ್ತಿ ಕೊಟ್ಟೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ, ಸಿಟ್ಟಿಲ್ಲದೆ, ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದಳು:

"ಚಿರ್ತೆಗೆ ಹಸಿವಿತ್ತು. ಅವ್ನಿಗೂ ಹಸಿವೈತೆ, ಬುಡು, ಗಂಡಸ್ರಿಗೆ ಬರೋ ಹಸಿವು. ನಿಂಗೇನಿತ್ತು ಮಗ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಆಕೆಯ ಪ್ರಶ್ನೆ ಇವತ್ತಿಗೂ ನನ್ನ ಹತ್ತಿರವೇ ಇದೆ. ಹೊಗಳಿಕೆ ಇತ್ತು ಅನ್ನಬಹುದು. ಅಣ್ಣ ಉಣ್ಣಲಿ ಎಂಬ ಆಸೆ ಇತ್ತು ಅನ್ನಬಹುದು. ಗೆರೆ ತಪ್ಪದ ಹಾಗೆ ಬರೆದರೆ ತಪ್ಪೇ ಆಗದು ಎಂಬ ಕಾನ್ವೆಂಟಿನ ನಂಬಿಕೆ ಇತ್ತು ಅನ್ನಬಹುದು. ಸಿಸ್ಟರ್ ಇದ್ದಿದ್ದರೆ ಕೇಳುತ್ತಿದ್ದೆ. ಅಷ್ಟು ಕಥೆಗಳಲ್ಲಿ ರಾಜರಿಗೆ ಪ್ರವಾದಿಗಳು ಬರುತ್ತಾರೆ. ಕಾಗದ ಬರೆದುಕೊಟ್ಟವರ ಮನೆಗೆ ಯಾರು ಬರುತ್ತಾರೆ? ಬಂದವಳು ಇವಳೊಬ್ಬಳೇ, ಅವಳೂ ಬಸ್ಸು ಹತ್ತಿ ಹೋದಳು.

ಕಂಬಳಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ನುಸಿಗುಳಿಗೆ ಹಾಕಿದರೂ ಸೀರೆಗಳಿಗೆಲ್ಲ ಕುರಿಯ ವಾಸನೆ ಹತ್ತಿತು. ಮೂಗು ಮುಚ್ಚಿಕೊಳ್ಳಲಿಲ್ಲ.

ಈ ವರ್ಷ ಗೌರಿಹಬ್ಬಕ್ಕೆ ಅಣ್ಣ ಬರಲಾರ ಅಂದುಕೊಂಡಿದ್ದೆ. ಆದರೂ ಬೆಳಿಗ್ಗೆ ಎದ್ದು ನಡುಮನೆ ಒರೆಸಿ, ಅವನು ಕೂರುವ ಜಾಗದಲ್ಲಿ ಚಾಪೆಯ ಬದಲು ಕಂಬಳಿ ಹಾಸಿದೆ. ಅವನನ್ನು ಕುಟುಕಲು ಹಾಸಿದೆನೋ, ಅದು ಅವನದೆಂದು ಹಾಸಿದೆನೋ, ನನಗೇ ಗೊತ್ತಿಲ್ಲ. ಹಾಸಿದ ಮೇಲೆ ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತಿದ್ದೆ.

ಹತ್ತು ಗಂಟೆಗೆ ಕಾರು ನಿಂತಿತು. ಅವನೇ ಬಂದ. ಎರಡು ಮೊರ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಒಂದೂ ಮರೆತಿರಲಿಲ್ಲ. ಹೊಸ್ತಿಲು ದಾಟಿದವನು ನಿಂತ. ಕಂಬಳಿಯ ನಡುವೆ ಹಳೆಯ ರಕ್ತದ ಕಲೆ ಇತ್ತು. ಕರಿಯ ಉಣ್ಣೆಯಲ್ಲಿ ಗೊತ್ತಿದ್ದವರಿಗೆ ಮಾತ್ರ ಕಾಣುವಂಥದು. ಅವನ ಬಲಗೈ ತನ್ನಷ್ಟಕ್ಕೆ ಎಡಹೆಗಲಿಗೆ ಹೋಗಿ ಇಳಿಯಿತು.

"ಕೂತ್ಕೊ ಅಣ್ಣ" ಅಂದೆ.

ಅವನು ಕೂರಲಿಲ್ಲ. ಗೋಡೆಗೆ ಒತ್ತಿಕೊಂಡು, ಕಂಬಳಿಯ ಅಂಚಿಗೆ ಕಾಲು ತಾಗದ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ಸುತ್ತಿ ಬಂದ. ಅಷ್ಟು ದೊಡ್ಡ ಮನುಷ್ಯ, ಹೊಸದಾಗಿ ಸಾರಿಸಿದ ನೆಲದ ಮೇಲೆ ಬರುವ ಮಗುವಿನ ಹಾಗೆ. ಬಾಗಿನವನ್ನು ನನ್ನ ಕೈಗೇ ಕೊಟ್ಟ. ಕೊಟ್ಟ ನೀರನ್ನು ನಿಂತೇ ಕುಡಿದ.

"ಕುರಿಯವ್ವ ಹೆಂಗವ್ಳೆ?" ಅಂದ.

"ಗೊತ್ತಿಲ್ಲ ಅಣ್ಣ. ನಾನೂ ಹೋಗಿಲ್ಲ."

ಲೋಟ ಕೆಳಗಿಟ್ಟು, "ಬತ್ತೀನಿ ಕಣವ್ವ" ಎಂದು, ಬಂದ ಹಾಗೆಯೇ ಗೋಡೆಗುಂಟ ಸರಿದು ಹೋದ.

ಬಾಗಿನ ಹಿಡಿದುಕೊಂಡು ನಿಂತೆ. ಕೂರಬೇಕೆನ್ನಿಸಿತು. ನಡುಮನೆಯ ತುಂಬ ಕಂಬಳಿಯೇ ಇತ್ತು. ನಾನು ಹೋಗಿ ಹೊಸ್ತಿಲ ಮೇಲೆ ಕೂತೆ.